ಶೆಡ್ಡು ಖಾಲಿ ಮಾಡಿದ ವರ್ಷ

ಅವ್ವ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಕನ್ನಡ ಮಾತಾಡುವವರು ಯಾರೂ ಉಳಿಯಲಿಲ್ಲ. ನಮ್ಮ ಮನೆ ಎಂದೆ, ಆದರೆ ಆಗ ಆ ಮನೆಯಲ್ಲಿ ಇದ್ದವಳು ನಾನೊಬ್ಬಳೇ.

ನಾಗಪುರಕ್ಕೆ ಬಂದು ಅಷ್ಟೊತ್ತಿಗೆ ಬಹಳ ವರ್ಷಗಳಾಗಿದ್ದವು. ಕಲ್ಲಿದ್ದಲಿಗೆ ಸಂಬಂಧಪಟ್ಟ ಕಚೇರಿಯೊಂದರಲ್ಲಿ ಭೂವಿಜ್ಞಾನಿಯ ಕೆಲಸ. ವಾರಕ್ಕೊಮ್ಮೆ ಉಮರೇಡ್ ಕಡೆಯ ಗಣಿಗೆ ಹೋಗಿ ಬರಬೇಕು, ಉಳಿದ ದಿನ ಕಚೇರಿಯಲ್ಲಿ ನಕ್ಷೆಗಳ ಮುಂದೆ ಕೂರಬೇಕು. ನನಗೆ ಮದುವೆಯಾಗಲಿಲ್ಲ. ಅದರ ಹಿಂದೆ ಹೇಳಿಕೊಳ್ಳುವಂಥ ಕತೆಯೇನೂ ಇಲ್ಲ, ಆಗಲಿಲ್ಲ ಅಷ್ಟೆ. ಅಪ್ಪ ಹೋದ ಮೇಲೆ ಅವ್ವ ಬಾಗಲಕೋಟೆ ಬಿಟ್ಟು ನನ್ನ ಹತ್ತಿರ ಬಂದಳು. ಮರಾಠಿ ಕಲಿಯುವ ಗೋಜಿಗೆ ಹೋಗಲಿಲ್ಲ. ತರಕಾರಿ ಗಾಡಿಯವನ ಜೊತೆಗೂ ಕನ್ನಡದಲ್ಲೇ ಚೌಕಾಸಿ ಮಾಡುತ್ತಿದ್ದಳು. ಅವನು ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದ. ಇಬ್ಬರಿಗೂ ವ್ಯವಹಾರ ತಿಳಿಯುತ್ತಿತ್ತು.

ಬಚ್ಚಲಲ್ಲಿ ಜಾರಿ ಬಿದ್ದು ಅವ್ವನ ಸೊಂಟದ ಎಲುಬು ಮುರಿದ ವರ್ಷ ನಾನು ಒಂದು ಹಳೆಯ ಸಣ್ಣ ಕಾರು ತೆಗೆದುಕೊಂಡೆ. ಆಟೋದಲ್ಲಿ ಅವಳನ್ನು ಕೂರಿಸಿ ಆಸ್ಪತ್ರೆಗೆ ಒಯ್ಯುವುದು ಆಗುತ್ತಿರಲಿಲ್ಲ. ಮುಂದಿನ ಸೀಟನ್ನು ಹಿಂದಕ್ಕೆ ಒರಗಿಸಿ ಅವಳನ್ನು ಮಲಗಿಸಿದಂತೆ ಕೂರಿಸುತ್ತಿದ್ದೆ. ಅವಳಿಗೆ ಕಿಟಕಿಯಿಂದ ಮನೆಗಳ ಮೇಲಂತಸ್ತು ಮತ್ತು ವಿದ್ಯುತ್ ತಂತಿಗಳು ಮಾತ್ರ ಕಾಣುತ್ತಿದ್ದವು. "ಈ ಊರಾಗ ಮಂದಿನೇ ಇಲ್ಲೇನವಾ?" ಎಂದು ಒಮ್ಮೆ ಕೇಳಿದ್ದಳು.

ಅವಳು ಹೋದ ಮೇಲೆ ಕಾರು ಉಳಿಯಿತು. ಭಾನುವಾರಗಳೂ ಉಳಿದವು. ಉಳಿದ ದಿನಗಳನ್ನು ಕಚೇರಿ ನುಂಗುತ್ತಿತ್ತು. ಭಾನುವಾರ ಬೆಳಿಗ್ಗೆ ಎದ್ದು ಚಹಾ ಕುಡಿದು ಲೋಟ ತೊಳೆದಿಟ್ಟರೆ ಅಲ್ಲಿಂದ ಸಂಜೆಯವರೆಗೆ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಕಾರಿನ ಕೆಲಸವನ್ನು ನಾನೇ ಮಾಡಿಕೊಳ್ಳಲು ಶುರುಮಾಡಿದ್ದು ಹೀಗೆ. ಸಣ್ಣ ವಯಸ್ಸಿನಲ್ಲಿ ಕ್ಯಾಂಪುಗಳಿಗೆ ಹೋಗುವಾಗ ಜೀಪು ಕಾಡಿನ ನಡುವೆ ಕೆಟ್ಟು ನಿಲ್ಲುತ್ತಿತ್ತು; ಡ್ರೈವರ್ ಕೆಳಗೆ ನುಸುಳಿದರೆ ಟಾರ್ಚು ಹಿಡಿಯುವ ಕೆಲಸ ನನ್ನದು. ಹಾಗೆ ಹಿಡಿದು ಹಿಡಿದು ಒಂದಿಷ್ಟು ತಿಳಿದಿತ್ತು. ಇನ್ನೊಂದಿಷ್ಟನ್ನು ಮೊಬೈಲಿನ ವಿಡಿಯೋ ನೋಡಿ ಕಲಿತೆ. ಮೊದಲು ಎಂಜಿನ್ ಆಯಿಲ್ ಬದಲಿಸಿದೆ, ಆಮೇಲೆ ಏರ್ ಫಿಲ್ಟರ್, ಆಮೇಲೆ ಬ್ಯಾಟರಿ. ಕೆಲಸ ಮಾಡುವಾಗ ಕಾರಿನ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದೆ. "ಯಾಕವಾ, ಏನಾತು ನಿನಗ? ತಡಿ, ನೋಡ್ತೀನಿ." ಬೇರೆ ಯಾರ ಜೊತೆ ಆ ಮಾತು ಆಡಲಿ? ಹುಬ್ಬಳ್ಳಿಯಲ್ಲಿರುವ ತಮ್ಮ ಭಾನುವಾರ ಮಧ್ಯಾಹ್ನ ಫೋನ್ ಮಾಡುತ್ತಿದ್ದ. ಅದು ಬಿಟ್ಟರೆ ವಾರವೆಲ್ಲ ಹಿಂದಿ, ಮರಾಠಿ.

ನನ್ನ ಹತ್ತಿರ ಸರಿಯಾದ ಸಾಮಾನು ಇರಲಿಲ್ಲ. ಕಾರಿನ ಜೊತೆಗೇ ಬಂದ ಸಣ್ಣ ಜಾಕು, ಬೋಲ್ಟು ಬಿಚ್ಚಲು ಬಾಯಿ ಹಿಗ್ಗಿಸಿ ಕುಗ್ಗಿಸುವ ಒಂದು ಪಾನಾ, ಅವ್ವನ ಹೊಲಿಗೆ ಯಂತ್ರದ ಸ್ಕ್ರೂಡ್ರೈವರು, ಒಂದು ಸುತ್ತಿಗೆ. ಎಲ್ಲವೂ ಗೋಣಿಚೀಲದಲ್ಲಿ. ಚೀಲವನ್ನು ಅಂಗಳದಲ್ಲಿ ಸುರುವಿ ಕೆಲಸ ಶುರುಮಾಡುತ್ತಿದ್ದೆ. ಮನೆಯ ಪಕ್ಕದಲ್ಲಿ ಸಿಮೆಂಟಿನ ನೆಲದ, ತಗಡಿನ ಮಾಡಿನ ಕಾರು ಶೆಡ್ಡು ಇತ್ತು. ಆದರೆ ಅದರಲ್ಲಿ ಕಾರು ನಿಲ್ಲಿಸಲು ಜಾಗವಿರಲಿಲ್ಲ. ತಲೆಯ ಕಡೆ ಎತ್ತರಿಸಬಹುದಾದ ಅವ್ವನ ಕಬ್ಬಿಣದ ಮಂಚ, ಗಾಲಿಕುರ್ಚಿ, ವಾಕರ್, ಹಾಸಿಗೆ, ಅವಳ ಟ್ರಂಕು ಎಲ್ಲ ಅಲ್ಲಿ ತುಂಬಿದ್ದವು. ಅವಳು ಹೋದ ವಾರ ಅವನ್ನೆಲ್ಲ ಅಲ್ಲಿ ತಳ್ಳಿ ಬಾಗಿಲು ಹಾಕಿದವಳು ಮತ್ತೆ ತೆಗೆದಿರಲಿಲ್ಲ. ಹಾಗಾಗಿ ಕಾರು ಅಂಗಳದ ಮಣ್ಣಿನಲ್ಲೇ ನಿಲ್ಲುತ್ತಿತ್ತು.

ಮೇ ತಿಂಗಳ ಒಂದು ಭಾನುವಾರ. ಹಿಂದಿನ ವಾರದಿಂದ ಬ್ರೇಕು ಒತ್ತಿದಾಗ ಮುಂದಿನ ಗಾಲಿಯಿಂದ ಕಬ್ಬಿಣ ತಿಕ್ಕುವ ಸದ್ದು ಬರುತ್ತಿತ್ತು. ಬ್ರೇಕ್ ಪ್ಯಾಡು ಸವೆದಿದೆ ಎಂದು ತಿಳಿದು ಹೊಸ ಜೋಡಿ ತಂದಿದ್ದೆ. ಬಿಸಿಲು ಏರುವ ಮೊದಲೇ ಮುಗಿಸಬೇಕೆಂದು ಬೆಳಿಗ್ಗೆಯೇ ಶುರುಮಾಡಿದೆ. ನಾಗಪುರದ ಮಣ್ಣು ನಮ್ಮ ಕಡೆಯಂಥದೇ ಎರೆ ಮಣ್ಣು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬೆರಳು ಹೋಗುವಷ್ಟು ಬಿರುಕು ಬಿಡುತ್ತದೆ. ಆ ಬಿರುಕಿನ ನೆಲದ ಮೇಲೆ ಇಟ್ಟಿಗೆ ಇಟ್ಟು, ಇಟ್ಟಿಗೆಯ ಮೇಲೆ ಜಾಕು ಇಟ್ಟು ಕಾರು ಎತ್ತಿದೆ. ಗಾಲಿ ಬಿಚ್ಚಿದೆ. ಜಾಕು ತಿರುಗಿಸುವ ಹಿಡಿಯನ್ನು ಅಡ್ಡವಾಗುತ್ತದೆಂದು ಆಚೆ ಎಸೆದೆ.

ಬ್ರೇಕಿನ ಬೋಲ್ಟು ಬಿಡಲಿಲ್ಲ. ನನ್ನ ಪಾನಾ ಬೋಲ್ಟಿಗೆ ಸರಿಯಾಗಿ ಕೂರುತ್ತಿರಲಿಲ್ಲ. ಒತ್ತಿದಂತೆಲ್ಲ ಜಾರಿ, ಬೋಲ್ಟಿನ ಮೂಲೆಗಳು ಸವೆದು ಗುಂಡಗಾಗತೊಡಗಿದವು. ಕಲ್ಲು ಒಡೆಯುವಂತೆ ಸುತ್ತಿಗೆಯಿಂದ ಪಾನಾದ ಹಿಡಿಗೆ ಹೊಡೆದೆ. ಬೆವರು ಕಣ್ಣಿಗಿಳಿಯುತ್ತಿತ್ತು. ಸೂರ್ಯ ನೆತ್ತಿಗೆ ಬಂದ. ಇಷ್ಟೊತ್ತು ಹೊಡೆಯುತ್ತಿದ್ದರೂ ಒಂದು ಮಾತು ಮರೆತೇ ಬಿಟ್ಟಿದ್ದೆ: ಬಿಚ್ಚಿದ ಗಾಲಿಯನ್ನು ಕಾರಿನ ಮೈ ಕೆಳಗೆ ಮಲಗಿಸಿಡಬೇಕು, ಜಾಕು ಕೈಕೊಟ್ಟರೆ ಕಾರು ಅದರ ಮೇಲೆ ಕೂರುತ್ತದೆ. ಜೀಪಿನ ಕಾಲದಲ್ಲಿ ಕಂಡದ್ದು. ನೆನಪಾದ ಕೂಡಲೇ ಗಾಲಿಯನ್ನು ಉರುಳಿಸಿ ತಂದು ಮಲಗಿಸಿ ಎಡಗೈಯಿಂದ ಒಳಗೆ ತಳ್ಳುತ್ತಿದ್ದೆ. ಆಗಲೇ ಇಟ್ಟಿಗೆ ಒಡೆಯಿತು. ಜಾಕು ಓರೆಯಾಗಿ ಬಿತ್ತು. ಕಾರು ಕೆಳಗಿಳಿಯಿತು.

ದೊಡ್ಡ ಸದ್ದೇನೂ ಆಗಲಿಲ್ಲ. ನಿಟ್ಟುಸಿರಿನಂಥ ಸದ್ದು. ನನ್ನ ಎಡಗೈ ಮಣಿಕಟ್ಟಿನವರೆಗೆ ಟಯರಿಗೂ ಕಾರಿನ ಅಂಚಿಗೂ ನಡುವೆ ಸಿಕ್ಕಿಕೊಂಡಿತ್ತು. ಟಯರು ರಬ್ಬರಾದ್ದರಿಂದ ಸ್ವಲ್ಪ ತಗ್ಗಿಕೊಟ್ಟಿತ್ತು. ಇಲ್ಲದಿದ್ದರೆ ಆ ಕೈ ಇವತ್ತು ಇರುತ್ತಿರಲಿಲ್ಲ.

ಮೊದಲು ನೋವು ತಿಳಿಯಲಿಲ್ಲ. ಎಳೆದು ನೋಡಿದೆ, ಬರಲಿಲ್ಲ. ಬಿದ್ದ ಜಾಕು ಬಲಗೈಗೆ ಎಟಕುವಂತಿತ್ತು. ಅದನ್ನು ಮತ್ತೆ ನಿಲ್ಲಿಸಿ ತಿರುಗಿಸಿದರೆ ಸಾಕು. ಆದರೆ ತಿರುಗಿಸುವ ಹಿಡಿ ಎಲ್ಲಿ? ಗೇಟಿನ ಹತ್ತಿರ ಬಿಸಿಲಲ್ಲಿ ಹೊಳೆಯುತ್ತ ಬಿದ್ದಿತ್ತು. ಕಾಲು ಚಾಚಿದೆ. ಚಪ್ಪಲಿ ಕಾಲ್ಬೆರಳ ತುದಿಗೆ ಸಿಕ್ಕಿಸಿಕೊಂಡು ಚಾಚಿದೆ. ಎಟಕಲಿಲ್ಲ. ಬರಿಗೈಯಿಂದ ಜಾಕಿನ ತಿರುಪು ತಿರುಗಿಸಲು ನೋಡಿದೆ, ಜಿಡ್ಡಿಗೆ ಬೆರಳು ಜಾರಿದವು.

ಆಮೇಲೆ ನೋವು ಬಂತು. ನಾನು ಕೂಗಿದೆ.

"ಯಾರರೆ ಇದ್ದೀರೇನ್ರೀ? ಬರ್ರೀ ಇಲ್ಲೆ! ಯಾರರೆ ಬರ್ರೀ!"

ಎಷ್ಟೋ ಸಲ ಕೂಗಿದ ಮೇಲೆ ನಾನು ಕನ್ನಡದಲ್ಲಿ ಕೂಗುತ್ತಿದ್ದೇನೆಂದು ನನಗೇ ಗೊತ್ತಾಯಿತು. ಆಮೇಲೆ ಹಿಂದಿಯಲ್ಲಿ ಕೂಗಿದೆ, ಮರಾಠಿಯಲ್ಲಿ ಕೂಗಿದೆ. ಯಾವ ಭಾಷೆಯಾದರೂ ಒಂದೇ. ಮೇ ತಿಂಗಳ ಮಧ್ಯಾಹ್ನ ನಮ್ಮ ಬೀದಿಯಲ್ಲಿ ಪ್ರತಿ ಮನೆಯ ಕಿಟಕಿಗೂ ಒಂದು ಕೂಲರ್, ಆಳೆತ್ತರದ ತಗಡಿನ ಪೆಟ್ಟಿಗೆ, ಒಳಗೆ ಲಾರಿಯಂತೆ ಗದ್ದಲ ಮಾಡುವ ಫ್ಯಾನು. ಬಾಗಿಲು ಹಾಕಿಕೊಂಡು ಒಳಗೆ ಮಲಗಿದವರಿಗೆ ಬೀದಿಯಲ್ಲಿ ಡೋಲು ಬಡಿದರೂ ಕೇಳುವುದಿಲ್ಲ. ನನ್ನ ಮನೆಯ ಕೂಲರೂ ಓಡುತ್ತಿತ್ತು. ಯಾರೂ ಇಲ್ಲದ ಕೋಣೆಯನ್ನು ತಂಪು ಮಾಡುತ್ತಿತ್ತು.

ಒಳಗೆ ಫೋನ್ ಹೊಡೆದುಕೊಂಡಿತು. ತಮ್ಮನದು. ನಿಂತಿತು. ಮತ್ತೆ ಹೊಡೆದುಕೊಂಡಿತು. ಆಮೇಲೆ ಹೊಡೆದುಕೊಳ್ಳಲಿಲ್ಲ.

ಬೇವಿನ ಮರದ ನೆರಳು ನನ್ನ ಮೇಲಿಂದ ಸರಿದು ಹೋಯಿತು. ಆ ಬಿಸಿಲಿನಲ್ಲಿ ಬಿದ್ದುಕೊಂಡು ನಾನು ಯೋಚಿಸಿದ್ದು ಸಾವಿನ ವಿಷಯವಲ್ಲ. ನನ್ನನ್ನು ಮೊದಲು ಯಾರು ಹುಡುಕುತ್ತಾರೆ ಎಂದು ಯೋಚಿಸಿದೆ. ತಮ್ಮ ನಾನು ಮಲಗಿರಬೇಕೆಂದುಕೊಂಡು ಮುಂದಿನ ಭಾನುವಾರಕ್ಕೆ ಬಿಡುತ್ತಾನೆ. ಕಚೇರಿಯವರು ಉಮರೇಡಿಗೆ ಹೋಗಿರಬೇಕು ಎನ್ನುತ್ತಾರೆ. ಉಮರೇಡಿನವರು ಕಚೇರಿಯಲ್ಲಿರಬೇಕು ಎನ್ನುತ್ತಾರೆ. ಕೊನೆಗೆ ಉಳಿದವನು ಹಾಲಿನವನು. ಅವನು ನಾಳೆ ಬೆಳಿಗ್ಗೆ ಬರುತ್ತಾನೆ. ಇಷ್ಟು ವರ್ಷ ಒಂದು ಊರಿನಲ್ಲಿದ್ದು, ಕೊನೆಗೆ ಹಾಲಿನವನನ್ನು ಕಾಯುತ್ತ ಬಿದ್ದಿದ್ದೇನೆ ಎನ್ನಿಸಿದಾಗ ಅಳು ಬಂತು. ಅವ್ವ ತೀರಿಕೊಂಡಾಗ ಅಷ್ಟು ಅತ್ತಿರಲಿಲ್ಲ.

ಎದುರು ಮನೆಯ ಬಾಗಿಲು ತೆರೆದದ್ದು ಬಿಸಿಲು ಸ್ವಲ್ಪ ಇಳಿಯುವ ಹೊತ್ತಿಗೆ. ಅಲ್ಲಿ ಮಗ ಸೊಸೆಯ ಜೊತೆ ಒಬ್ಬ ಮುದುಕಿ ಇದ್ದರು. ಬೆನ್ನು ಬಾಗಿದವರು, ಕಿವಿ ಬಹುಮಟ್ಟಿಗೆ ಕೇಳದವರು. ನಾನು ಅವರನ್ನು ಕಂಡಾಗ ತಲೆ ಆಡಿಸುತ್ತಿದ್ದೆ, ಅವರೂ ಆಡಿಸುತ್ತಿದ್ದರು, ಅಷ್ಟೇ ಪರಿಚಯ. ಆವತ್ತು ಮಗ ಸೊಸೆ ಯಾವುದೋ ಮದುವೆಗೆ ಹೋಗಿದ್ದರು. ಮುದುಕಿ ಕೂಲರಿಗೆ ನೀರು ತುಂಬಲು ಬಕೆಟ್ಟು ಹಿಡಿದು ಹೊರಗೆ ಬಂದರು. ನಾನು ಕೂಗಿದೆ, ಕೇಳಲಿಲ್ಲ. ನೀರು ಸುರಿದರು. ತಿರುಗಿದರು. ಒಳಗೆ ಹೋಗಿಬಿಡುತ್ತಾರೆ ಎಂದುಕೊಂಡಾಗ ಬಲಗೈಗೆ ಸಿಕ್ಕ ಪಾನಾವನ್ನು ಎತ್ತಿ ಗೇಟಿನ ಕಡೆ ಎಸೆದೆ. ಆ ಸದ್ದೂ ಅವರಿಗೆ ಕೇಳಿಸಿರಲಾರದು. ಗಾಳಿಯಲ್ಲಿ ಹಾರಿದ ಕಬ್ಬಿಣ ಹೊಳೆದದ್ದು ಕಂಡಿರಬೇಕು. ನಿಂತು ನೋಡಿದರು.

ಬಕೆಟ್ಟು ಬಿಟ್ಟು ಬಂದರು. ಕಿರುಚಲಿಲ್ಲ. ನನ್ನ ಕೈ ನೋಡಿದರು, ಕಾರು ನೋಡಿದರು, ನನ್ನ ಮುಖ ನೋಡಿದರು. ಮಾತಿನಿಂದ ಪ್ರಯೋಜನವಿಲ್ಲವಾದ್ದರಿಂದ ಕೈಸನ್ನೆಯಲ್ಲಿ ಹಿಡಿಯನ್ನು ತೋರಿಸಿದೆ, ಜಾಕನ್ನು ತೋರಿಸಿದೆ, ತಿರುಗಿಸುವುದು ಹೇಗೆಂದು ಗಾಳಿಯಲ್ಲಿ ತೋರಿಸಿದೆ. ಅವರು ಹಿಡಿ ತಂದರು. ನಾನು ಬಲಗೈಯಿಂದ ಜಾಕನ್ನು ನಿಲ್ಲಿಸಿ ಹಿಡಿದುಕೊಂಡೆ. ಅವರು ಮೊಣಕಾಲೂರಿ ಕೂತು ಎರಡೂ ಕೈಗಳಿಂದ ತಿರುಗಿಸಿದರು. ಮೊದಲು ಉಲ್ಟಾ ತಿರುಗಿಸಿದರು, ಆಮೇಲೆ ಸರಿಯಾಗಿ. ಕಾರು ಕೂದಲೆಳೆಯಷ್ಟು ಎದ್ದಿತು, ಮತ್ತೆ ಕೂದಲೆಳೆಯಷ್ಟು. ಕೈ ಹೊರಗೆ ಬಂತು.

ಆಗ ಬೈದರು. "ಅಕ್ಕಲ್ ಆಹೇ ಕಾ, ಪೋರಿ?" ಬುದ್ಧಿ ಇದೆಯೇನೇ ಹುಡುಗಿ ಎಂದು. ಐವತ್ತು ದಾಟಿದ ನನ್ನನ್ನು ಹುಡುಗಿ ಎಂದು ಕರೆದು, ಸೆರಗಿನಿಂದ ನನ್ನ ಮುಖ ಒರೆಸಿದರು.

ಆಟೋದಲ್ಲಿ ಅವರೇ ಜೊತೆಗೆ ಬಂದರು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಒಂದು ಬೆರಳಿನ ಮೂಳೆ ಮುರಿದಿತ್ತು, ಉಳಿದದ್ದೆಲ್ಲ ಊತ. ಡಾಕ್ಟರು ತೀರಾ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬೆರಳನ್ನು ನೇರ ಮಾಡುವಾಗ ನನ್ನ ಬಾಯಿಂದ "ಅಯ್ಯೋ ಯವ್ವಾ" ಎಂದು ಬಂತು. ಅವಳ ಕೈ ನಿಂತಿತು.

"ನೀವು ಕನ್ನಡದವ್ರಾ ಆಂಟಿ?"

"ಹೂಂನವಾ. ಬಾಗಲಕೋಟಿ."

"ನಾನು ಮೈಸೂರು. ಇಲ್ಲಿಗೆ ಬಂದು ಒಂದು ವರ್ಷ ಆಯ್ತು. ಕನ್ನಡ ಕೇಳಿ ಎಷ್ಟು ದಿನ ಆಗಿತ್ತು ಗೊತ್ತಾ!" ಎಂದು ನಕ್ಕಳು. "ಏನು ಮಾಡ್ಕೊಂಡ್ರಿ ಇದು?"

"ಕಾರಿನ ಬ್ರೇಕ್ ಮಾಡಾಕ ಹೋಗಿದ್ದೆ."

"ನೀವೇನಾ? ಒಬ್ರೇನಾ?"

ಹೇಳುವುದು ಬಹಳವಿತ್ತು. ನಮ್ಮ ಅವ್ವ ಇದೇ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿದ್ದಳು ಎಂದು ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಒಬ್ಬ ನರ್ಸ್ ಬಂದು ಕರೆದಳು, ಯಾವುದೋ ಅಪಘಾತದ ಕೇಸು. "ಬಂದೆ ಆಂಟಿ" ಎಂದು ಹೋದವಳು ಬರಲಿಲ್ಲ. ಪಟ್ಟಿ ಕಟ್ಟಿದವನು ಬೇರೆಯವನು. ನಾವು ಸ್ವಲ್ಪ ಹೊತ್ತು ಕಾದೆವು. ಮುದುಕಿ ನನ್ನ ತೋಳು ಹಿಡಿದು ಎಬ್ಬಿಸಿದರು.

ಸಂಜೆ ತಮ್ಮನಿಗೆ ನಾನೇ ಫೋನ್ ಮಾಡಿದೆ. ವಿಷಯ ಕೇಳಿ ಅವನಿಗೆ ಸಿಟ್ಟು ಬಂತು.

"ಅಲ್ಲಕ್ಕಾ, ಆ ಊರಾಗ ಮೆಕ್ಯಾನಿಕ್ ಸಿಗೂದಿಲ್ಲೇನು?"

"ಸಿಗತಾರಪಾ."

"ಮತ್ತ? ನಿನಗ್ಯಾಕ ಬೇಕಾಗಿತ್ತು ಅದು?"

"ಆಯ್ತವಾರ ಮತ್ತೇನ್ ಮಾಡ್ಲಿ ಹೇಳು."

"ಇಲ್ಲಿಗೆ ಬಂದುಬಿಡು" ಎಂದ. ಅವನ ಮನೆ ಎರಡು ಕೋಣೆಯದು, ಮಕ್ಕಳು ಓದುತ್ತಿದ್ದರು. ಬರುತ್ತೇನೆ ಎಂದು ನಾನೂ ಹೇಳಲಿಲ್ಲ, ಬಾ ಎಂದು ಅವನೂ ಮತ್ತೆ ಹೇಳಲಿಲ್ಲ.

ಕೈ ಕೂಡುವವರೆಗೆ ಕಾರು ಒಂದು ಗಾಲಿಯಿಲ್ಲದೆ ಅಂಗಳದಲ್ಲೇ ನಿಂತಿತ್ತು. ಪರಿಚಯದ ಗ್ಯಾರೇಜಿನವನು ಎಳೆದುಕೊಂಡು ಹೋಗುತ್ತೇನೆ ಎಂದ, ಬೇಡ ಎಂದೆ. ಹಟ ಎನ್ನಬಹುದು. ಆದರೆ ಆ ಕೆಲಸವನ್ನು ಅಲ್ಲಿಗೇ ಬಿಟ್ಟರೆ ಮುಂದೆ ಭಾನುವಾರಗಳಲ್ಲಿ ಅಂಗಳಕ್ಕೆ ಕಾಲಿಡಲು ಭಯವಾಗುತ್ತದೆ ಎನ್ನಿಸಿತ್ತು. ಮಾಡಬೇಕು, ಸರಿಯಾಗಿ ಮಾಡಬೇಕು. ಸರಿಯಾಗಿ ಮಾಡಬೇಕಾದರೆ ಗಟ್ಟಿ ನೆಲ ಬೇಕು. ಗಟ್ಟಿ ನೆಲ ಇದ್ದದ್ದು ಶೆಡ್ಡಿನಲ್ಲಿ.

ಮಳೆ ಶುರುವಾದ ಮೇಲೆ ಒಂದು ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದೆ. ಔಷಧಿ ಮತ್ತು ಪೌಡರಿನ ವಾಸನೆ ಇನ್ನೂ ಇತ್ತು, ಅದರ ಜೊತೆ ಇಲಿಯ ವಾಸನೆ. ಹಾಸಿಗೆಯನ್ನು ಇಲಿಗಳು ಕೊರೆದಿದ್ದವು. ಒಂದು ಕೈಯಲ್ಲಿ ಏನೂ ಎತ್ತಲಾಗದೆ ಬಾಗಿಲಲ್ಲೇ ನಿಂತಿದ್ದೆ. ಎದುರು ಮನೆಯ ಮಾವಶಿ ಛತ್ರಿ ಹಿಡಿದು ಬಂದರು. ಆಸ್ಪತ್ರೆಯಿಂದ ಬಂದಂದಿನಿಂದ ನಾನು ಅವರನ್ನು ಮಾವಶಿ ಎನ್ನುತ್ತಿದ್ದೆ, ಚಿಕ್ಕಮ್ಮ ಎಂಬಂತೆ. ಅವರಿಗೆ ಅದು ಕೇಳುತ್ತಿರಲಿಲ್ಲ, ತುಟಿ ನೋಡಿ ತಿಳಿಯುತ್ತಿತ್ತು. ಅವರು ಒಳಗೆ ನೋಡಿ ಮಂಚದ ಕಂಬಿಯ ಮೇಲೆ ಕೈಯಿಟ್ಟರು. "ಆಯಿಚಾ?" ಎಂದರು. ಅಮ್ಮನದಾ ಎಂದು. ತಲೆಯಾಡಿಸಿದೆ. ಅವರು ಗಾಲಿಕುರ್ಚಿಯನ್ನು ಹೊರಗೆ ಎಳೆದು ಅಲ್ಲೇ ಕೂತರು, ನಾನು ವಾಕರ್ ತಂದು ಪಕ್ಕದಲ್ಲಿಟ್ಟೆ. ಹಾಗೆ ಒಂದೊಂದಾಗಿ ಎಲ್ಲ ಹೊರಗೆ ಬಂತು.

ಬಡ ರೋಗಿಗಳಿಗೆ ಇಂಥ ಸಾಮಾನು ಎರವಲು ಕೊಡುವ ಒಂದು ಸೇವಾ ಸಂಸ್ಥೆಯಿತ್ತು. ಅವರ ಟೆಂಪೋ ಬಂದು ಮಂಚ, ಕುರ್ಚಿ, ವಾಕರ್ ಒಯ್ದಿತು. ಹಾಸಿಗೆ ಸುಟ್ಟೆ. ಟ್ರಂಕನ್ನು ಮಾತ್ರ ಮನೆಯೊಳಗೆ ತಂದೆ. ಟೆಂಪೋ ತಿರುವಿನಲ್ಲಿ ಮರೆಯಾದಾಗ ಎದೆಯಲ್ಲಿ ಏನೋ ಹಗುರಾಗುತ್ತದೆ ಎಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಖಾಲಿ ಶೆಡ್ಡು ಎಷ್ಟು ದೊಡ್ಡದಿದೆ ಎಂದು ಮಾತ್ರ ಕಂಡಿತು.

ನೆಲವನ್ನು ಸೋಡಾಪುಡಿ ಹಾಕಿ ತಿಕ್ಕಿ ತೊಳೆದೆ. ಗೋಡೆಗೆ ಸುಣ್ಣ ಬಳಿದೆ. ಟ್ಯೂಬ್‌ಲೈಟ್ ಹಾಕಿಸಿದೆ. ಸಾಮಾನು ಕೊಳ್ಳಲು ಊರಂಚಿನ ವಾಡಿ ಎಂಬಲ್ಲಿಗೆ ಹೋದೆ. ಲಾರಿಗಳು ತಂಗುವ ಜಾಗವಾದ್ದರಿಂದ ಅಲ್ಲಿ ಅಂಥ ಅಂಗಡಿಗಳು ಸಾಲಾಗಿವೆ. ಕಾರು ಎತ್ತಿದ ಮೇಲೆ ಅದರ ಭಾರ ಹೊರುವ ಕಬ್ಬಿಣದ ಸ್ಟ್ಯಾಂಡು ಬೇಕು ಎಂದಾಗ ಅಂಗಡಿಯವನು ನನ್ನ ಕೈಯ ಪಟ್ಟಿಯನ್ನೂ ಮುಖವನ್ನೂ ನೋಡಿ ಹಿಂದಿಯಲ್ಲಿ, "ಸಾಹೇಬರನ್ನೇ ಕಳಿಸಿಬಿಡಿ ಮೇಡಂ, ಅವರಿಗೆ ತೋರಿಸುತ್ತೇನೆ" ಎಂದ.

"ಸಾಹೇಬರು ಇಲ್ಲ" ಎಂದೆ. "ಕೆಲಸ ಮಾಡುವವಳು ನಾನೇ."

ಅವನು ಗಂಡ ತೀರಿಕೊಂಡಿದ್ದಾನೆಂದು ತಪ್ಪು ತಿಳಿದು ಪಾಪ ಎಂಬಂತೆ ಮುಖ ಮಾಡಿದ. ಆಮೇಲೆ ಒಳ್ಳೆಯ ಸಾಮಾನನ್ನೇ ತೆಗೆದು ತೋರಿಸಿದ. ಸ್ಟ್ಯಾಂಡುಗಳು, ನೆಲದ ಮೇಲೆ ಉರುಳುವ ಅಗಲ ತಳದ ಜಾಕು, ಗಾಲಿಗೆ ಅಡ್ಡ ಕೊಡುವ ರಬ್ಬರಿನ ಗಟ್ಟಿಗಳು, ಒಂದೊಂದು ಬೋಲ್ಟಿಗೂ ಸರಿಯಾಗಿ ಕೂರುವ ಪಾನಾಗಳ ಪೆಟ್ಟಿಗೆ. ಜೊತೆಗೆ ಟಾರ್ಕ್ ರೆಂಚು ಎಂಬ ಉದ್ದನೆಯ ಪಾನಾ. ಎಷ್ಟು ಬಿಗಿ ಬೇಕೋ ಅಷ್ಟಕ್ಕೆ ಹೊಂದಿಸಿಟ್ಟರೆ, ಅಷ್ಟು ಬಿಗಿಯಾದ ಕೂಡಲೇ ಟಕ್ ಎನ್ನುತ್ತದೆ.

ಮನೆಗೆ ತಂದು ಗೋಡೆಗೆ ಹಲಗೆ ಹೊಡೆದು ಎಲ್ಲವನ್ನೂ ತೂಗುಹಾಕಿದೆ. ಪ್ರತಿ ಸಾಮಾನಿನ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದೆ, ಯಾವುದು ಜಾಗದಲ್ಲಿಲ್ಲ ಎಂಬುದು ಕೂಡಲೇ ಕಾಣಲಿ ಎಂದು.

ಕೈ ಪೂರ್ತಿ ವಾಸಿಯಾದ ಮೇಲೆ ಒಂದು ಭಾನುವಾರ ಗಾಲಿ ಹಾಕಿ, ಕಾರನ್ನು ಮೆಲ್ಲಗೆ ತಳ್ಳಿ ಶೆಡ್ಡಿನೊಳಗೆ ತಂದೆವು. ತಳ್ಳಲು ಬಂದದ್ದು ಮಾವಶಿಯ ಮಗ. ಅವರು ಬ್ಯಾಂಕಿನಲ್ಲಿದ್ದರು, ಒಳ್ಳೆಯ ಮನುಷ್ಯರು, ಆದರೆ ಅಂಜುಬುರುಕರು. ಹೋಗುವಾಗ, "ಆಯಿಗೆ ಕಿವಿ ಕೇಳುವುದಿಲ್ಲ ಮೇಡಂ, ಹತ್ತಿರ ಕೂರಿಸಿಕೊಳ್ಳಬೇಡಿ, ಏನಾದರೂ ಬಿದ್ದರೆ ಗೊತ್ತಾಗುವುದಿಲ್ಲ" ಎಂದರು. ಹೂಂ ಎಂದೆ. ಅವರು ಮನೆಯೊಳಗೆ ಹೋದ ಕೂಡಲೇ ಮಾವಶಿ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಬಂದು ಶೆಡ್ಡಿನ ಬಾಗಿಲಲ್ಲಿ ಕೂತರು. ನಾನು ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದು, ಇದನ್ನು ದಾಟಬೇಡಿ ಎಂದು ಸನ್ನೆ ಮಾಡಿದೆ. ಅವರು ಕಾಲನ್ನು ಗೆರೆಯ ಹಿಂದಕ್ಕೆ ತೆಗೆದುಕೊಂಡರು.

ಆವತ್ತು ಅವಸರ ಮಾಡಲಿಲ್ಲ. ಹಿಂದಿನ ಗಾಲಿಗಳಿಗೆ ಅಡ್ಡ ಕೊಟ್ಟು, ಎತ್ತಿ, ಸ್ಟ್ಯಾಂಡಿನ ಮೇಲೆ ಕೂರಿಸಿ, ಕಾರನ್ನು ಕೈಯಿಂದ ಅಲುಗಿಸಿ ನೋಡಿದೆ. ಬಿಚ್ಚಿದ ಗಾಲಿಯನ್ನು ಮೊದಲೇ ಕೆಳಗೆ ಮಲಗಿಸಿದೆ. ಮೂಲೆ ಸವೆದ ಬೋಲ್ಟು ಹೊಸ ಪಾನಾವನ್ನೂ ಸ್ವಲ್ಪ ಸತಾಯಿಸಿತು. ಎಣ್ಣೆ ಬಿಟ್ಟು ಕಾದು, ಮತ್ತೆ ಹಾಕಿ ಒತ್ತಿದಾಗ ಬಿಟ್ಟುಕೊಟ್ಟಿತು. ಅದನ್ನು ಎಸೆದು ಹೊಸದನ್ನು ತೆಗೆದಿಟ್ಟುಕೊಂಡೆ. ಹಳೆಯ ಪ್ಯಾಡುಗಳು ಉಗುರಿನಷ್ಟು ತೆಳ್ಳಗಾಗಿದ್ದವು. ಧೂಳನ್ನು ಬ್ರಶ್ಶಿನಿಂದ ಒರೆಸಿ, ಜಾರುವ ಕಡ್ಡಿಗಳಿಗೆ ಗ್ರೀಸು ಹಚ್ಚಿ, ಹೊಸ ಪ್ಯಾಡು ಕೂರಿಸಿದೆ. ಒಂದೊಂದು ಸಾಮಾನು ಕೆಲಸ ಮುಗಿದ ಹಾಗೆ ಮಾವಶಿಯ ಕೈಗೆ ಕೊಡುತ್ತಿದ್ದೆ. ಅವರು ಹಳೆಯ ಬಟ್ಟೆಯಿಂದ ಒರೆಸಿ ಮಡಿಲಲ್ಲಿಟ್ಟುಕೊಳ್ಳುತ್ತಿದ್ದರು. ನಾನು ಕನ್ನಡದಲ್ಲಿ ಮಾತಾಡುತ್ತಿದ್ದೆ. ಅವರಿಗೆ ಹೇಗೂ ಕೇಳದು, ಯಾವ ಭಾಷೆಯಾದರೇನು? ಅವರು ಮರಾಠಿಯಲ್ಲಿ ತಮ್ಮ ತವರಿನ ಕಿತ್ತಳೆ ತೋಟದ ಮಾತು ಹೇಳುತ್ತಿದ್ದರು. ಇಬ್ಬರೂ ಒಟ್ಟಿಗೇ ಮಾತಾಡುತ್ತಿದ್ದೆವು.

ಕೊನೆಗೆ ಗಾಲಿಯ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಬಿಗಿ ಮಾಡುವಾಗ ಅವರನ್ನು ಗೆರೆಯ ಈಚೆಗೆ ಕರೆದು, ಅವರ ಕೈಯನ್ನು ಹಿಡಿಯ ಮೇಲೆ ಇಟ್ಟು, ಅದರ ಮೇಲೆ ನನ್ನ ಕೈ ಇಟ್ಟು ಎಳೆದೆ. ಟಕ್ ಎಂದಿತು. ಅವರು ಬೆಚ್ಚಿ ನನ್ನನ್ನು ನೋಡಿದರು. ಸದ್ದು ಅವರ ಅಂಗೈಗೆ ಬಂದಿತ್ತು. "ಪುನ್ಹಾ" ಎಂದರು, ಮತ್ತೊಮ್ಮೆ. ಪ್ರತಿ ನಟ್ಟನ್ನೂ ಅವರ ಕೈಯಿಂದಲೇ ಬಿಗಿಸಿದೆ.

ಅಂದಿನಿಂದ ನಾನು ಶೆಡ್ಡಿನಲ್ಲಿರುವಾಗ ಅವರು ಬಂದು ಕೂರುವುದು ರೂಢಿಯಾಯಿತು. ಬರಲಾಗದ ದಿನ ಅವರ ಕಿಟಕಿಗೆ ಕಾಣುವಂತೆ ನಾನು ಗೇಟಿನ ಮೇಲೆ ಒಂದು ಕೆಂಪು ಟವೆಲ್ ಹಾಕಿರಬೇಕು, ಕೆಲಸ ಮುಗಿದ ಮೇಲೆ ತೆಗೆಯಬೇಕು ಎಂದು ಅವರೇ ಗೊತ್ತು ಮಾಡಿದ್ದರು. ಒಮ್ಮೆ ಅದನ್ನು ತೆಗೆಯಲು ಮರೆತು ಒಳಗೆ ಹೋಗಿ ಅಡುಗೆಗೆ ನಿಂತಿದ್ದೆ. ಮಾವಶಿ ಜೋರು ಮಳೆಯಲ್ಲಿ ನೆನೆದುಕೊಂಡು ಬಂದು ಬಾಗಿಲು ಬಡಿದು, ನಾನು ಸೌಟು ಹಿಡಿದು ನಿಂತದ್ದು ಕಂಡು, ಟವೆಲನ್ನು ನನ್ನ ಮುಖದ ಮೇಲೆ ಎಸೆದು ಹೋದರು.

ದಸರೆಯ ಹೊತ್ತಿಗೆ ಅವರ ಮಗನಿಗೆ ನಾಸಿಕಕ್ಕೆ ವರ್ಗವಾಯಿತು. ಸುದ್ದಿ ಹೇಳಿದ್ದು ಸೊಸೆ, ಗೇಟಿನ ಹತ್ತಿರ ನಿಂತು, ಸಂತೋಷದಿಂದ. ಅಲ್ಲಿ ಸೊಸೆಯ ತವರಿನವರಿದ್ದರು. ಮಾವಶಿ ಆ ಭಾನುವಾರ ಎಂದಿನಂತೆ ಬಂದು ಕೂತು ಪಾನಾಗಳನ್ನು ಒರೆಸಿದರು.

ಹೊರಡುವ ಹಿಂದಿನ ದಿನ ಮಗ ತಮ್ಮ ಕಾರನ್ನು ಶೆಡ್ಡಿಗೆ ತಂದು ನಿಲ್ಲಿಸಿದರು. "ದೂರದ ದಾರಿ ಮೇಡಂ, ಸ್ವಲ್ಪ ನೋಡಿಬಿಡ್ತೀರಾ?" ಎಂದು ಸಂಕೋಚದಿಂದ ಕೇಳಿದರು. ನೋಡಿದೆ. ಸ್ಟೆಪ್ನಿಯಲ್ಲಿ ಗಾಳಿಯೇ ಇರಲಿಲ್ಲ, ಒಂದು ಗಾಲಿಯ ನಟ್ಟುಗಳು ಸಡಿಲವಾಗಿದ್ದವು, ವೈಪರಿನ ರಬ್ಬರು ಒಣಗಿ ಚೂರಾಗಿತ್ತು. ಸರಿಪಡಿಸಿದೆ. ಬ್ರೇಕುಗಳನ್ನು ಬಿಚ್ಚಿ ನೋಡಿ ಮತ್ತೆ ಹಾಕಿದೆ, ಅದರ ಅಗತ್ಯವಿರದಿದ್ದರೂ. ಬೆಳಗಿನ ಕೆಲಸ ಸಂಜೆಯವರೆಗೆ ಎಳೆಯಿತು. ನಾನೇ ಎಳೆದೆ. ಮಾವಶಿ ಸಾಮಾನು ಒರೆಸುತ್ತ ಕೂತಿದ್ದರು. ಆವತ್ತು ಇಬ್ಬರೂ ಮಾತಾಡಲಿಲ್ಲ.

ಮಾರನೆಯ ಬೆಳಿಗ್ಗೆ ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿದ್ದರು. ಕಿಟಕಿಯಿಂದ ಕೈ ಚಾಚಿ ನನ್ನ ಎಡಗೈ ಹಿಡಿದು ಒಂದೊಂದೇ ಬೆರಳನ್ನು ಮಡಚಿ ನೋಡಿದರು. "ನೀಟ್ ರಾಹಾ" ಎಂದರು. ಸರಿಯಾಗಿ ಇರು ಎಂದು. ಕಾರು ಹೋಯಿತು. ತಿರುವಿನಲ್ಲಿ ಬ್ರೇಕಿನ ಕೆಂಪು ದೀಪಗಳು ಹೊತ್ತಿ ಆರಿದವು. ಸದ್ದಿರಲಿಲ್ಲ, ಚೆನ್ನಾಗಿ ಹಿಡಿಯುತ್ತಿತ್ತು.

ಆಮೇಲೆ ಸುಮಾರು ದಿನ ಎದುರು ಮನೆ ಖಾಲಿಯಿತ್ತು. ಚಳಿಗಾಲ ಬಂತು. ಭಾನುವಾರಗಳಲ್ಲಿ ಶೆಡ್ಡಿಗೆ ಹೋಗುತ್ತಿದ್ದೆ. ಆದರೆ ಕಾರಿನಲ್ಲಿ ಮಾಡುವಂಥದ್ದು ಏನೂ ಉಳಿದಿರಲಿಲ್ಲ. ಇಷ್ಟು ದಿನ ಅಷ್ಟು ಚೆನ್ನಾಗಿ ನೋಡಿಕೊಂಡಿದ್ದೆ. ನೆಲ ಗುಡಿಸಿ, ಒರೆಸಿದ ಪಾನಾಗಳನ್ನೇ ಮತ್ತೆ ಒರೆಸಿ, ಬಾಗಿಲಲ್ಲಿ ಬಿಸಿಲಿಗೆ ಕೂರುತ್ತಿದ್ದೆ.

ಸಂಕ್ರಾಂತಿ ಕಳೆದ ಮೇಲೆ ಆ ಮನೆಗೆ ಹೊಸಬರು ಬಂದರು, ಮದುವೆಯಾಗಿ ಹೆಚ್ಚು ದಿನವಾಗಿರದ ಜೋಡಿ. ಒಂದು ಭಾನುವಾರ ಗಂಡ ಬಂದು ನೀರಿನ ಪೈಪು ಸೋರುತ್ತಿದೆ, ಪಾನಾ ಇದ್ದರೆ ಕೊಡುತ್ತೀರಾ ಎಂದು ಹಿಂದಿಯಲ್ಲಿ ಕೇಳಿದ. ಶೆಡ್ಡಿಗೆ ಕರೆದುಕೊಂಡು ಹೋದೆ. ಅವನು ಬಾಗಿಲಲ್ಲೇ ನಿಂತು ಗೋಡೆ, ನೆಲ, ಕಾರು ಎಲ್ಲ ನೋಡಿದ.

"ಇದೆಲ್ಲ ಯಾರು ಮಾಡೋದು ಆಂಟಿ? ಅಂಕಲ್ಲಾ?"

"ನಾನೇ."

"ಒಬ್ಬರೇ?" ಎಂದ. ನಿಜವಾಗಿಯೂ ತಿಳಿಯಬೇಕೆಂಬಂತೆ ಕೇಳಿದ: "ಅಕೇಲಾ ನಹೀ ಲಗತಾ?" ಒಂಟಿ ಅನ್ನಿಸುವುದಿಲ್ಲವೇ ಎಂದು.

ಇಂಥ ಪ್ರಶ್ನೆಗೆ ಇಷ್ಟು ವರ್ಷ ನಾನು ನಕ್ಕು ಬೇರೆ ಮಾತು ತೆಗೆಯುತ್ತಿದ್ದೆ. ಆವತ್ತು ಯಾಕೋ ಹಾಗೆ ಮಾಡಲಿಲ್ಲ.

"ಲಗತಾ ಹೈ" ಎಂದೆ. ಅನ್ನಿಸುತ್ತದೆ ಎಂದು.

ಅವನು ಗೋಡೆಯಿಂದ ಒಂದು ಪಾನಾ ತೆಗೆದು ಕೈಯಿಂದ ಕೈಗೆ ಬದಲಿಸುತ್ತ ನಿಂತ. ಅವನ ಪೈಪಿನ ಅಳತೆ ಏನೆಂದು ಕೇಳಿದೆ, ಅವನಿಗೆ ಗೊತ್ತಿರಲಿಲ್ಲ. ದೊಡ್ಡ ಪಾನಾವನ್ನೂ, ಪೈಪಿಗೆ ಸುತ್ತುವ ಬಿಳಿ ಟೇಪನ್ನೂ ತೆಗೆದುಕೊಂಡು ಶೆಡ್ಡಿನ ಬಾಗಿಲು ಎಳೆದೆ. ಅವನ ಹಿಂದೆ ಬೀದಿ ದಾಟಿ ಪೈಪು ನೋಡಲು ಹೋದೆ.